ಫೆಲಿಕ್ಸನ ಸೋದರತ್ತೆ

ಟಿಳಕವಾಡಿ

ಪರದೇಶ ನೋಡಬೇಕೆಂಬ ಆಸೆ ನನಗೆ ಎಂದೂ ಇರಲಿಲ್ಲ. ಬೆಳಗಾವಿಯ ಟಿಳಕವಾಡಿಯ ನಮ್ಮ ಪಾತ್ರೆ ಅಂಗಡಿಯಲ್ಲಿ ಕುಳಿತರೆ ಜಗತ್ತೇ ಎದುರಿಗೆ ಬಂದು ಚೌಕಾಸಿ ಮಾಡಿ ಹೋಗುತ್ತದೆ, ಅದನ್ನು ಹುಡುಕಿಕೊಂಡು ನಾನೇಕೆ ಹೋಗಲಿ? ಆದರೆ ಹೋದ ಬೇಸಿಗೆಯಲ್ಲಿ ನನ್ನ ತಮ್ಮ ಮಹಾಂತೇಶನಿಗೆ ಗಂಡುಕೂಸು ಹುಟ್ಟಿತು. ನಮ್ಮ ಕಡೆ ಹೆಸರಿಡುವ ಹಕ್ಕು ಸೋದರತ್ತೆಯದು. ತೊಟ್ಟಿಲ ಮೇಲೆ ಬಗ್ಗಿ, ಕೂಸಿನ ಕಿವಿಯಲ್ಲಿ ‘ಕುರ್ರ್’ ಅಂದು ಅವಳು ಹೆಸರು ಉಸುರಬೇಕು. ಅದೇ ಹೊತ್ತಿಗೆ ನೆರೆದ ಹೆಂಗಸರೆಲ್ಲ ಅವಳ ಬೆನ್ನಿಗೆ ಧಬಧಬ ಗುದ್ದಬೇಕು. ಗುದ್ದು ತಿನ್ನುವ ಈ ಹಕ್ಕನ್ನು ಬಿಟ್ಟುಕೊಟ್ಟ ಅತ್ತೆಯನ್ನು ನಾನಂತೂ ಕಂಡಿಲ್ಲ.

ಮಹಾಂತೇಶ ಇರುವುದು ಆಸ್ಟ್ರಿಯಾ ದೇಶದ ಗ್ರಾಟ್ಸ್ ಎಂಬ ಊರಿನಲ್ಲಿ. ನಮ್ಮೂರಿನ ಉದ್ಯಮಬಾಗದ ಫೌಂಡ್ರಿಯೊಂದರಲ್ಲಿ ಎರಕದ ಕೆಲಸ ಕಲಿತವನು, ಅಲ್ಲಿಯ ಕಾರ್ಖಾನೆಗೆ ಹೋಗಿ, ಅಲ್ಲಿಯವಳೇ ಆದ ಈವಾಳನ್ನು ಮದುವೆಯಾಗಿ ನೆಲೆನಿಂತಿದ್ದಾನೆ. ಮನೆಯಲ್ಲಿ ನಾವೆಲ್ಲ ಮಾಂತೂ ಎಂದು ಕರೆಯುವ ಅವನಿಗೆ ನಾನೊಬ್ಬಳೇ ಅಕ್ಕ. ಕೂಸು ಆಸ್ಟ್ರಿಯಾದಲ್ಲಿ ಹುಟ್ಟಿದರೆ ಅತ್ತೆಯೂ ಅಲ್ಲಿಗೇ ಹೋಗಬೇಕಲ್ಲ.

ಹೆಸರಿನ ವಿಷಯದಲ್ಲಿ ನನಗೆ ಸ್ವಲ್ಪ ಜಂಬವಿದೆ. ಪಾತ್ರೆ ಕೊಂಡವರು ಅದರ ಮೇಲೆ ಹೆಸರು ಹಾಕಿಸುತ್ತಾರೆ. ಪೆನ್ನಿನಂಥ ಯಂತ್ರ ಹಿಡಿದು ಸ್ಟೀಲಿನ ಮೇಲೆ ಅಕ್ಷರ ಕೊರೆಯುವವಳು ನಾನೇ. ಮದುವೆಯಾಗಿ ಬಂದ ಹೊಸತರಲ್ಲಿ ಬಸವರಾಜ, ಮಾರುತಿ, ಮಲ್ಲಿಕಾರ್ಜುನ, ಇಮಾಮ್‌ಸಾಬ ಎಂದು ಕೊರೆದು ಕೊರೆದು ಕೈ ಸೋತಿತ್ತು. ಆಮೇಲೆ ರಾಹುಲ್, ಸಮೀರ್‌ಗಳ ಕಾಲ ಬಂತು. ಈಗ ಎಲ್ಲಿ ನೋಡಿದರೂ ಆರವ್, ವಿಹಾನ್, ಅಯಾನ್. ಅಯಾನ್ ಅಂದರೆ ಯಾರ ಮನೆಯ ಕೂಸು ಎಂದು ಹೆಸರಿನಿಂದ ಹೇಳಲಾಗದು. ಲಿಂಗಾಯತರೂ ಇಡುತ್ತಾರೆ, ಮುಸಲ್ಮಾನರೂ ಇಡುತ್ತಾರೆ, ಇಬ್ಬರೂ ಇದು ತಾವೇ ಹುಡುಕಿದ ಹೊಸ ಹೆಸರು ಅನ್ನುತ್ತಾರೆ.

ಕಷ್ಟವಾಗುತ್ತಿದ್ದುದು ಗಂಡನ ಹೆಸರು ಹಾಕಿಸಲು ಬರುವ ಹೆಂಗಸರದು. “ನಮ್ಮನಿಯವರ ಹೆಸರ ಹಾಕ್ರಿ” ಎನ್ನುತ್ತಾರೆ, ಏನು ಹೆಸರು ಅಂದರೆ ಸೆರಗು ಬಾಯಿಗೆ ಹೋಗುತ್ತದೆ. ಗಂಡನ ಹೆಸರು ಬಾಯಿಬಿಟ್ಟು ಹೇಳಬಾರದು, ಹೇಳಿದರೆ ಪ್ರಾಸ ಕಟ್ಟಿದ ಒಡಪಿನಲ್ಲಿ ಹೇಳಬೇಕು. ಅನಗೋಳದಿಂದ ಬಂದ ಒಬ್ಬ ಅಜ್ಜಿ ಗಿರಾಕಿಗಳ ಮುಂದೆಯೇ ರಾಗ ತೆಗೆದು, “ಬೆಳ್ಳಿ ಬಟ್ಟಲದಾಗ ಬೆಲ್ಲದ ಪಾಯಸಾ, ಮಲ್ಲಪ್ಪನವರಿಗೆ ನೂರು ವರಸ ಆಯುಸಾ” ಅಂದಿದ್ದಳು. ಅಂಗಡಿಯೆಲ್ಲ ನಕ್ಕಿತು, ನಾನು ಮಲ್ಲಪ್ಪ ಎಂದು ಕೊರೆದುಕೊಟ್ಟೆ. ಅವಳನ್ನು ನೋಡಿ ನಕ್ಕ ನಾನೂ ಅದೇ ಪೈಕಿ. ಒಡಪಿನ ಹೊರಗೆ ನನ್ನ ಗಂಡನ ಹೆಸರು ಹೇಳಿದ್ದು ನನಗೆ ನೆನಪಿಲ್ಲ. “ರೀ” ಅನ್ನುವುದರಲ್ಲೇ ನಮ್ಮ ಸಂಸಾರ ಸಾಗಿದೆ.

ಕೂಸಿಗೆ ಇಡುವ ಹೆಸರು ನನ್ನ ಮನಸ್ಸಿನಲ್ಲಿ ಮೊದಲೇ ನಿಶ್ಚಯವಾಗಿತ್ತು. ಚನ್ನಬಸಪ್ಪ. ನಮ್ಮ ಅಪ್ಪನ ಹೆಸರು. ಖಾನಾಪುರದ ಹಂಚಿನ ಕಾರ್ಖಾನೆಯಲ್ಲಿ ಜೀವನವಿಡೀ ಹಂಚು ಸುಟ್ಟವರು, ಎರಡು ವರ್ಷದ ಹಿಂದೆ ತೀರಿಕೊಂಡರು. ಅವರ ಹೆಸರು ನಮ್ಮ ಮನೆಯಲ್ಲಿ ಮತ್ತೆ ಕೇಳಿಸಬೇಕು, ಯಾರಾದರೂ ಆ ಹೆಸರಿಗೆ “ಓ” ಅನ್ನಬೇಕು ಎಂಬುದೊಂದೇ ನನ್ನ ಹಂಬಲ. ಕೂಸಿಗೆಂದು ತೆಗೆದಿಟ್ಟ ಬೆಳ್ಳಿ ಬಟ್ಟಲಿನ ಮೇಲೆ ಆ ಹೆಸರನ್ನು ನನ್ನ ಕೈಯಾರೆ ಕೊರೆದು, ಹಳೆಯ ಸೀರೆಯಲ್ಲಿ ಸುತ್ತಿ ಚೀಲಕ್ಕೆ ಹಾಕಿದೆ. ಕೇಳಬೇಕಾದವರನ್ನು ಕೇಳದೆ ಮೊದಲೇ ಹೆಸರು ಕೊರೆಯುವುದು ನನ್ನ ಸ್ವಭಾವ, ಏನು ಮಾಡಲಿ.

ಖಾನಾಪುರ

ಹೊರಡುವ ಮೊದಲು ಅವ್ವನಿಗೆ ನಮಸ್ಕಾರ ಮಾಡಲು ಹೋದೆ. ಪೀರನವಾಡಿ ದಾಟುವವರೆಗೂ ವಾಹನಗಳ ಗದ್ದಲ, ದಾಟಿದ ಮೇಲೆ ತವರಿನ ಗಾಳಿ. ನಮ್ಮ ಮನೆಯ ಹಿತ್ತಿಲು ಮಲಪ್ರಭೆಯ ದಂಡೆಗೆ ಇಳಿಯುತ್ತದೆ. ಅಲ್ಲೊಂದು ಹುಣಸೆ ಗಿಡವಿದೆ. ಕೆಲಸದಿಂದ ಬಂದ ಅಪ್ಪ ಮೈಮೇಲಿನ ಕೆಂಪು ಧೂಳನ್ನು ಅದರ ಕೆಳಗೆ ಝಾಡಿಸಿ, ಅಲ್ಲೇ ಕೂತು ಚಹಾ ಕುಡಿಯುತ್ತಿದ್ದರು. ಅವ್ವ ಈಗಲೂ ಸಂಜೆಯ ಚಹಾ ಅಲ್ಲೇ ಕುಡಿಯುತ್ತಾಳೆ.

ಅವ್ವ ನನ್ನ ಕೈಗೆ ಎರಡು ವಸ್ತು ಕೊಟ್ಟಳು. ಒಂದು ತೊಟ್ಟಿಲು ಕಟ್ಟಲು ತನ್ನ ಇಳಕಲ್ ಸೀರೆ. ಇನ್ನೊಂದು ಖಾರ ಅರೆಯುವ ಗುಂಡಕಲ್ಲು. ಹೆಸರಿಡುವ ದಿನ ತೊಟ್ಟಿಲಲ್ಲಿ ಮೊದಲು ಮಲಗುವುದು ಕೂಸಲ್ಲ, ಮಕ್ಕಳ ತಲೆಗೆ ಕಟ್ಟುವ ಕುಂಚಿಗೆ ಹಾಕಿಸಿಕೊಂಡ ಈ ಕಲ್ಲು. ಅದರ ಹಾಗೆ ಕೂಸು ಗಟ್ಟಿಯಾಗಲಿ ಎಂದು.

“ನೀನೂ, ಮಾಂತೂನೂ ಇದರ ಹಿಂದನ ತೊಟ್ಟಲಾ ಏರಿದವರು” ಅಂದಳು ಅವ್ವ. “ಏನ್ ಹೆಸರ ಇಡ್ತಿ ಅಂತ ನಾ ಕೇಳೂದಿಲ್ಲವಾ, ನೀನೂ ಹೇಳಬ್ಯಾಡ. ಕಿವ್ಯಾಗ ಹೇಳೂದಕ್ಕಿಂತ ಮೊದಲ ಹೊರಗ ಬರಬಾರದು.”

ನನಗೆ ಹೇಳಲು ನಾಲಿಗೆ ತುರಿಸುತ್ತಿತ್ತು. ಹೆಸರು ಕೇಳಿದಾಗ ಅವ್ವನ ಮುಖ ಹೇಗೆ ಅರಳಬಹುದು ಎಂದು ನೆನೆದು ಸುಮ್ಮನಾದೆ. ಬಾಜೂ ಮನೆಯ ಶಾಂತಾ ಕಾಕು ಬಾಗಿಲಲ್ಲಿ ನಿಂತು, “ಸಾಂಭಾಳೂನ ಜಾ ಗ ಪೋರಿ” ಎಂದು, ಜೋಪಾನವಾಗಿ ಹೋಗಿ ಬಾ ಹುಡುಗಿ ಎಂದು ಮರಾಠಿಯಲ್ಲಿ ಹರಸಿ, ದಾರಿಗೆ ಚಕ್ಕುಲಿ ಕಟ್ಟಿಕೊಟ್ಟಳು. ಐವತ್ತು ದಾಟಿದ ನನ್ನನ್ನು ಹುಡುಗಿ ಎಂದು ಕರೆಯುವವಳು ಈಗ ಅವಳೊಬ್ಬಳೇ.

ಸಾಂಬ್ರಾ

ವಿಮಾನ ನಿಲ್ದಾಣದಲ್ಲಿ ಗುಂಡಕಲ್ಲು ಸಿಕ್ಕಿಬಿತ್ತು. ದೊಡ್ಡ ಚೀಲ ಭಾರವಾಗುತ್ತದೆಂದು ಅದನ್ನು ಕೈಚೀಲದಲ್ಲಿ ಇಟ್ಟುಕೊಂಡಿದ್ದೆ. ದೊಡ್ಡ ಚೀಲ ಆಗಲೇ ಒಳಗೆ ಹೋಗಿತ್ತು. ತಪಾಸಣೆಯ ಹೆಣ್ಣುಮಗಳು ಕಲ್ಲನ್ನು ಎರಡು ಕೈಯಲ್ಲಿ ಎತ್ತಿ, “ಇದೇನ್ರೀ ಬಾಯಾರ?” ಅಂದಳು.

“ಹೆಸರ ಇಡಾಕರೀ.”

“ಕಲ್ಲಿಗೇನ್ರೀ?”

“ಕೂಸಿಗೆ. ಕಲ್ಲು ಮೊದಲ ಮಲಗತೈತಿ, ಆಮ್ಯಾಲ ಕೂಸು.”

ಅವಳಿಗೆ ನಗು ತಡೆಯಲಾಗಲಿಲ್ಲ. “ನಮ್ಮ ಮಗಳಿಗೂ ಮಾಡೇವ್ರಿ. ಆದ್ರ ಇದನ್ನ ವಿಮಾನದಾಗ ಕೈಯಾಗ ಹಿಡಕೊಂಡ ಹೋಗಾಕ ಬಿಡಂಗಿಲ್ರಿ. ಯಾರರ ತಲಿಗೆ ಒಗದ್ರ ಏನ್ ಮಾಡೂಣು?” ಎಂದಳು. ನನ್ನ ಮುಖ ನೋಡಿ ಕನಿಕರವಾಗಿ, ಹೊರಗೆ ಯಾರಾದರೂ ಇದ್ದರೆ ಕೊಟ್ಟುಬನ್ನಿ ಎಂದು ಜೊತೆಗೊಬ್ಬರನ್ನು ಕಳಿಸಿದಳು.

ಹೊರಗೆ ನಮ್ಮ ಯಜಮಾನರು ಸ್ಕೂಟರಿಗೆ ಒರಗಿ ನಿಂತೇ ಇದ್ದರು. “ನೀ ಏನರ ಮರತ ಬಂದs ಬರ್ತಿ ಅಂತ ನಿಂತಿದ್ನಿ” ಎಂದು ಕಲ್ಲನ್ನು ಇಸಿದುಕೊಂಡು, ಕಾಲ ಬಳಿ ಇಟ್ಟುಕೊಂಡು ಹೋದರು. ಅವ್ವನ ಕಲ್ಲು ಆಸ್ಟ್ರಿಯಾದ ಬದಲು ಟಿಳಕವಾಡಿಗೆ ಹೋಯಿತು.

ವಿಯೆನ್ನಾ

ಪರದೇಶದ ನೆಲದಲ್ಲಿ ನನ್ನನ್ನು ಮೊದಲು ಮಾತನಾಡಿಸಿದವನು ಪಾಸ್‌ಪೋರ್ಟ್ ನೋಡುವ ಅಧಿಕಾರಿ. ಒಬ್ಬರೇ ಬಂದಿದ್ದೀರಾ, ಗಂಡನ ಹೆಸರೇನು ಎಂದು ಇಂಗ್ಲಿಷಿನಲ್ಲಿ ಕೇಳಿದ. ಬಾಯಿ ತೆರೆದೆ, ಮಾತು ಹೊರಡಲಿಲ್ಲ. ಒಡಪು ಹೇಳೋಣವೆಂದರೆ ಹಿಂದೆ ಉದ್ದದ ಸಾಲು. ಕೊನೆಗೆ ಪಾಸ್‌ಪೋರ್ಟಿನ ಹಿಂದಿನ ಪುಟ ತೆರೆದು, ಅಚ್ಚಾದ ಹೆಸರಿನ ಮೇಲೆ ಬೆರಳಿಟ್ಟೆ. ಗಂಡನ ಹೆಸರೇ ಗೊತ್ತಿಲ್ಲದ ಹೆಂಗಸು ಎಂದು ಅವನು ತಿಳಿದಿರಬೇಕು. ಮುದ್ರೆ ಒತ್ತುವ ಮೊದಲು ನನ್ನನ್ನು ಎರಡು ಸಲ ನೋಡಿದ.

ಗ್ರಾಟ್ಸಿಗೆ ರೈಲು ಬೆಟ್ಟ ಹತ್ತಿ ಇಳಿಯುತ್ತದೆ. ಸುರಂಗ, ಸೇತುವೆ, ಮತ್ತೆ ಸುರಂಗ. ಲೋಂಡಾ ದಾಟಿ ಕ್ಯಾಸಲ್‌ರಾಕ್ ಘಾಟು ಇಳಿದ ಹಾಗೆಯೇ ಇತ್ತು. ವ್ಯತ್ಯಾಸವೆಂದರೆ ಡಬ್ಬಿಯಲ್ಲಿ ಒಬ್ಬರೂ ಮಾತನಾಡುತ್ತಿರಲಿಲ್ಲ. ನಮ್ಮಲ್ಲಾದರೆ ಇಷ್ಟು ಹೊತ್ತಿಗೆ ಎದುರಿನವರ ಊರು, ಮಕ್ಕಳ ಮದುವೆ, ಮೊಣಕಾಲು ನೋವು ಎಲ್ಲ ತಿಳಿದಿರುತ್ತಿತ್ತು. ನಾನು ಚಕ್ಕುಲಿ ಕಡಿದ ಸದ್ದಿಗೆ ಡಬ್ಬಿಯೆಲ್ಲ ತಿರುಗಿ ನೋಡಿತು. ಎದುರಿಗೆ ಕುಳಿತ ಅಜ್ಜನಿಗೂ ಒಂದು ಚೂರು ಕೊಟ್ಟೆ. ಅವನು ಅದನ್ನು ಸದ್ದಾಗದಂತೆ ತಿನ್ನಲು ಪಟ್ಟ ಪಾಡು ನೋಡಿ ನನಗೆ ನಗು. ಇಳಿಯುವಾಗ ಕೈಮುಗಿದು ನಕ್ಕ.

ಮನೆಯ ಮುಂದಿನ ಕೊಕ್ಕರೆ

ನಿಲ್ದಾಣಕ್ಕೆ ಮಾಂತೂ ಬಂದಿದ್ದ. ದಾರಿಯುದ್ದಕ್ಕೂ ಅವನು ಮಾತು ತಪ್ಪಿಸುತ್ತಿದ್ದುದು ನನ್ನ ಗಮನಕ್ಕೆ ಬರಲಿಲ್ಲ. ಮನೆಯ ಮುಂದೆ ಕಾರು ನಿಂತಾಗ ನೋಡುತ್ತೇನೆ, ಅಂಗಳದಲ್ಲಿ ಆಳೆತ್ತರದ ಮರದ ಕೊಕ್ಕರೆ. ಕೊಕ್ಕಿನಲ್ಲಿ ಬಟ್ಟೆಯ ಗಂಟು. ಕೆಳಗೆ ಬಣ್ಣದ ಹಲಗೆಯ ಮೇಲೆ ದಪ್ಪ ಇಂಗ್ಲಿಷ್ ಅಕ್ಷರಗಳಲ್ಲಿ ಒಂದು ಹೆಸರು: ಫೆಲಿಕ್ಸ್.

“ಮಾಂತೂ, ಇದು ಯಾರ ಅಂಗಡಿ ಬೋರ್ಡೋ?”

“ಅಂಗಡಿ ಅಲ್ಲ ಅಕ್ಕಾ. ಇಲ್ಲೆ ಕೂಸು ಹುಟ್ಟಿದ್ರ ಗೆಳ್ಯಾರೆಲ್ಲಾ ಬಂದು ಮನಿ ಮುಂದ ಕೊಕ್ಕರಿ ನಿಲ್ಲಸ್ತಾರ. ಕೂಸಿನ ಹೆಸರ ಬರೀತಾರ.”

“ಕೂಸಿಗೆ ಹೆಸರ ಎಲ್ಲೈತಿ? ಹೆಸರ ಇಡಾಕಿ ಇನ್ನೂ ಕಾರಿನ್ಯಾಗ ಕುಂತೀನಿ.”

ಅವನ ಮುಖ ಬಾಡಿತು. “ಇಲ್ಲೆ ದವಾಖಾನಿಯೊಳಗನ ಹೆಸರ ಕೇಳ್ತಾರಕ್ಕಾ, ಸರಕಾರಕ್ಕ ಕೊಡಬೇಕಾಗತೈತಿ. ನಿನಗ ಫೋನಿನ್ಯಾಗ ಹೇಳಾಕ ಧೈರ್ಯ ಆಗಲಿಲ್ಲ.”

“ಹಂಗಾರ ನಾ ಯಾಕ ಬಂದೀನಿ? ಬರೇ ಗುದ್ದು ತಿನ್ನಾಕ?”

ನಮ್ಮಲ್ಲಿ ಕಿವಿಗೆ ಬೀಳುವವರೆಗೂ ಹೆಸರನ್ನು ಸೆರಗಿನ ಮರೆಯಲ್ಲಿ ಕಾಪಾಡುತ್ತೇವೆ. ಇವರು ಓಣಿಗೆಲ್ಲ ಕಾಣುವ ಹಾಗೆ ಹಲಗೆ ಹಾಕಿದ್ದರು. ಅದಾದರೂ ಎಂಥ ಹೆಸರು! ನನಗೆ ಗೊತ್ತಿದ್ದ ಫೆಲಿಕ್ಸ್ ಒಬ್ಬರೇ. ಬೆಳಗಾವಿ ಕ್ಯಾಂಪಿನಲ್ಲಿ ಕೇಕ್ ಮಾಡುವ ಫೆಲಿಕ್ಸ್ ಅಂಕಲ್, ದಪ್ಪ ಮೀಸೆ, ಮೂಗಿನ ತುದಿಯಲ್ಲಿ ಸಿಟ್ಟು. ಕೇಕಿನ ತಗಡುಗಳು ಯಾರ ಯಾರ ಮನೆಗೋ ಹೋಗಿಬಿಡುತ್ತವೆಂದು ಎಲ್ಲದರ ಮೇಲೂ ಹೆಸರು ಕೊರೆಸಿಕೊಂಡು, ಒಂದು ಅಕ್ಷರ ಸೊಟ್ಟಗಾಗಿದೆ ಎಂದು ಜಗಳವಾಡಿ ಹೋಗಿದ್ದರು. ಈಗ ತೊಟ್ಟಿಲಲ್ಲಿ ನನಗೆ ಆ ಮೀಸೆಯೇ ಕಾಣತೊಡಗಿತು.

ಸಿಟ್ಟಿನಲ್ಲೇ ಒಳಗೆ ಹೋದೆ. ಈವಾ ಎದುರಿಗೆ ಬಂದು, ಕಲಿತಿಟ್ಟುಕೊಂಡಿದ್ದ ಮಾತನ್ನು ಒಂದೊಂದಾಗಿ ಆಡಿದಳು: “ಬರ್ರಿ ಅಕ್ಕಾ. ಕುಂದರ್ರಿ ಅಕ್ಕಾ. ಚಹಾ ಕುಡೀರಿ ಅಕ್ಕಾ.” ಹೀಗೆ ಕರೆಯುವವಳ ಮೇಲೆ ಹೇಗೆ ಸಿಟ್ಟು ಮಾಡುವುದು? ಕೂಸನ್ನು ನನ್ನ ತೊಡೆಯ ಮೇಲಿಟ್ಟಳು. ಮೂರು ತಿಂಗಳ ಕೂಸು ನನ್ನನ್ನು ನೋಡಿ, ಹಲ್ಲಿಲ್ಲದ ಬಾಯಿ ಅಗಲಿಸಿ ನಕ್ಕಿತು. ಅಪ್ಪ ನಗುವಾಗ ಎಡಗೆನ್ನೆಯ ಮೇಲೆ ಬೀಳುತ್ತಿದ್ದ ಗುಳಿ ಅಲ್ಲೇ ಇತ್ತು.

ಆವತ್ತೇ ನಿಶ್ಚಯಿಸಿದೆ. ಸರಕಾರ ಏನಾದರೂ ಬರೆದುಕೊಳ್ಳಲಿ, ಹೆಸರಿಡುವ ದಿನ ನಾನು ಕಿವಿಯಲ್ಲಿ ಹೇಳುವುದೂ, ಎಲ್ಲರಿಗೂ ಕೇಳುವಂತೆ ಕೂಗುವುದೂ ಒಂದೇ ಹೆಸರು, ಚನ್ನಬಸಪ್ಪ. ಅಲ್ಲಿಯವರೆಗೆ ನನ್ನ ಬಾಯಲ್ಲಿ ಫೆಲಿಕ್ಸ್ ಬರುವುದಿಲ್ಲ. “ಏ ಕೂಸಪ್ಪಾ” ಎನ್ನುತ್ತ ದಿನ ಕಳೆದೆ.

ಗಡಿಯಾರದ ಗುಡ್ಡ

ಗ್ರಾಟ್ಸ್ ಊರಿನ ನಡುವೆ ಒಂದು ಗುಡ್ಡ, ಅದರ ಮೇಲೆ ಹಳೆಯ ಗಡಿಯಾರದ ಗೋಪುರ. ಹತ್ತುವಾಗ ಎದುರಾದವರೆಲ್ಲ “ಗ್ರೂಸ್ ಗಾಟ್” ಅನ್ನುತ್ತಿದ್ದರು. ದೇವರು ನಿಮಗೆ ಒಳಿತು ಮಾಡಲಿ ಎಂಬ ಹಾರೈಕೆ ಅದು. ರೈಲಿನಲ್ಲಿ ತುಟಿ ಬಿಚ್ಚದ ಜನ ಗುಡ್ಡದ ದಾರಿಯಲ್ಲಿ ಗುರುತಿಲ್ಲದವರನ್ನೂ ಹರಸುತ್ತಾರೆ. ನಾನೂ ಎಲ್ಲರಿಗೂ “ಶರಣ್ರೀ” ಅಂದೆ. ಯಾರಿಗೂ ತೊಂದರೆಯಾಗಲಿಲ್ಲ.

ಈವಾ ಪೇಟೆಯ ಕೆಲಸ ಮುಗಿಸಿ ಬರುತ್ತೇನೆ, ಅಲ್ಲಿಯವರೆಗೆ ಇಲ್ಲೇ ಕುಳಿತಿದ್ದು ಇಷ್ಟು ಗಂಟೆಗೆ ಕೆಳಗಿನ ಬಾಗಿಲಿಗೆ ಇಳಿದು ಬನ್ನಿ ಎಂದು ಹೇಳಿ ಹೋಗಿದ್ದಳು. ಗೋಪುರದ ಗಡಿಯಾರ ನೋಡಿಕೊಂಡೇ ಕುಳಿತೆ. ಎಷ್ಟು ಹೊತ್ತಾದರೂ ಅವಳು ಹೇಳಿದ ಗಂಟೆ ಬರಲೊಲ್ಲದು. ಅತ್ತ ಈವಾ ಕೆಳಗಿನ ಬಾಗಿಲಲ್ಲಿ ನನ್ನನ್ನು ಕಾದು, ಗಾಬರಿಯಾಗಿ ಓಡುತ್ತ ಹತ್ತಿಬಂದಳು. ಆ ಗಡಿಯಾರದಲ್ಲಿ ದೊಡ್ಡ ಮುಳ್ಳು ಗಂಟೆಯದಂತೆ, ಚಿಕ್ಕದು ನಿಮಿಷದ್ದಂತೆ! ಮೊದಲು ಗಂಟೆಯ ಮುಳ್ಳೊಂದೇ ಇತ್ತು. ದೂರದವರಿಗೆ ಕಾಣಲೆಂದು ದೊಡ್ಡದಾಗಿ ಮಾಡಿದ್ದರು. ನಿಮಿಷದ ಮುಳ್ಳನ್ನು ಆಮೇಲೆ ಸೇರಿಸುವಾಗ, ಹಳೆಯದನ್ನು ತೆಗೆಯಲು ಮನಸ್ಸಾಗದೆ, ಪಕ್ಕದಲ್ಲಿ ಚಿಕ್ಕದೊಂದನ್ನು ಕೂಡಿಸಿದರಂತೆ. ಊರಿನವರಿಗೆಲ್ಲ ಅದು ರೂಢಿಯಾಗಿದೆ.

ಕಟ್ಟೆಯಿಂದ ಕೆಳಗೆ ನೋಡಿದೆ. ಊರೆಲ್ಲ ಕೆಂಪು ಹಂಚು. ಒಂದರ ಪಕ್ಕ ಒಂದು, ಏರು, ಇಳಿಜಾರು, ಮೂಲೆ, ಎಲ್ಲೆಲ್ಲೂ ಸುಟ್ಟ ಮಣ್ಣಿನ ಬಣ್ಣ. ಅಪ್ಪ ಇದನ್ನು ನೋಡಬೇಕಿತ್ತು ಅನ್ನಿಸಿತು. ನಮ್ಮ ಕಡೆ ಹಂಚು ತೆಗೆದು ಸ್ಲ್ಯಾಬ್ ಹಾಕಿಸುವುದೇ ದೊಡ್ಡಸ್ತಿಕೆ. ಕಾರ್ಖಾನೆಯಲ್ಲಿ ಕೆಲಸ ಕಡಿಮೆಯಾದಾಗ ಅಪ್ಪ ದಿನಗಟ್ಟಲೆ ಹುಣಸೆ ಗಿಡದ ಕೆಳಗೇ ಕೂತಿದ್ದರು. ಈ ಮಾತನ್ನು ಈವಾಳಿಗೆ ಹರುಕುಮುರುಕು ಇಂಗ್ಲಿಷಿನಲ್ಲಿ ಹೇಳಿದೆ. ಅವಳು ನನ್ನ ಕೈ ಹಿಡಿದುಕೊಂಡು ಒಂದು ಸಂಗತಿ ಹೇಳಿದಳು. ಕೂಸಿಗೆ ಮಾವನ ಹೆಸರಿಡೋಣ ಎಂದು ಮೊದಲು ಅಂದವಳೇ ಅವಳಂತೆ. ಬೇಡ ಅಂದವನು ಮಾಂತೂ.

ರಾತ್ರಿ ಊಟಕ್ಕೆ ಕುಳಿತಾಗ ಅವನ ಕಿವಿ ಹಿಂಡಿದೆ. “ಅಕ್ಕಾ, ಇಲ್ಲೆ ನನ್ನ ಹೆಸರ ಒಬ್ಬರಿಗೆ ಹೇಳಿಕೊಡೂದರಾಗ ಅರ್ಧಾ ಆಯುಷ್ಯ ಹೋತು. ಕೂಸು ನಾಳೆ ಸಾಲಿಗೆ ಹೋಗತೈತಿ. ಅದಕ್ಕ ಆ ತ್ರಾಸ ಬ್ಯಾಡ ಅನಿಸ್ತು. ಅಪ್ಪನ ಮ್ಯಾಲ ಪ್ರೀತಿ ಇಲ್ಲ ಅಂತಲ್ಲ” ಅಂದ. ಕಣ್ಣು ತುಂಬಿಕೊಂಡಿದ್ದ. ಅವನ ತಾಟಿಗೆ ಇನ್ನೊಂದು ರೊಟ್ಟಿ ಹಾಕಿದೆ, ಆದರೆ ನನ್ನ ನಿಶ್ಚಯ ಬಿಡಲಿಲ್ಲ.

ಹೆಲ್ಗಾಳ ತೋಟ

ಈವಾಳ ತಾಯಿ ಹೆಲ್ಗಾ ಅದೇ ಮನೆಯ ಕೆಳಗಿನ ಅಂತಸ್ತಿನಲ್ಲಿ ಇರುತ್ತಾಳೆ. ಔಷಧದ ಅಂಗಡಿಯಲ್ಲಿ ದುಡಿದು ನಿವೃತ್ತಳಾದವಳು. ಬೀಗಿತ್ತಿ ಅಂದರೆ ಹೇಗಿರುತ್ತಾಳೋ ಎಂಬ ಅಂಜಿಕೆ ನನಗಿತ್ತು. ಅವಳು ನಾನು ಮಾಡಿದ ಶೇಂಗಾ ಚಟ್ನಿಯನ್ನು ಬ್ರೆಡ್ಡಿನ ಮೇಲೆ ದಪ್ಪಗೆ ಸವರಿಕೊಂಡು, ಮೂಗಿನಲ್ಲಿ ನೀರು ಸುರಿಸುತ್ತ ಇನ್ನಷ್ಟು ಕೇಳಿದಳು. ಬದಲಿಗೆ ಕುಂಬಳಬೀಜದ ಎಣ್ಣೆ ಕೊಟ್ಟಳು. ಬಣ್ಣ ಕರಿಹಸಿರು, ನೋಡಿದರೆ ಗಾಡಿಗೆ ಹಾಕುವ ಎಣ್ಣೆ. ಚಟ್ನಿಪುಡಿಗೆ ಹಾಕಿಕೊಂಡು ತಿಂದರೆ ಗುರೆಳ್ಳಿನ ಘಮ. ಅಲ್ಲಿಂದ ನಮ್ಮಿಬ್ಬರ ಸ್ನೇಹ ಕುದುರಿತು.

ಅವಳ ಹಿತ್ತಿಲಲ್ಲಿ ಒಂದು ಸೇಬಿನ ಗಿಡ, ಕೊಂಬೆ ನೆಲಕ್ಕೆ ತಾಗುವಷ್ಟು ಕಾಯಿ. ಸೇಬು ಬಿಡಿಸುತ್ತ ನಾನು ನನ್ನ ಹರುಕು ಇಂಗ್ಲಿಷಿನಲ್ಲಿ ಕೇಳಿಯೇಬಿಟ್ಟೆ, ಫೆಲಿಕ್ಸ್ ಅಂದರೇನು? ಹೆಲ್ಗಾ ಗಿಡದ ಬೊಡ್ಡೆ ತಟ್ಟಿ, “ಇದು” ಅಂದಳು.

ಅದು ಲ್ಯಾಟಿನ್ ಮಾತಂತೆ. ಹಳೆಯ ರೋಮಿನವರು ಹಣ್ಣು ಬಿಡುವ ಗಿಡಕ್ಕೆ ಫೆಲಿಕ್ಸ್ ಗಿಡ ಎನ್ನುತ್ತಿದ್ದರು, ಬಿಡದ್ದಕ್ಕೆ ಆ ಭಾಗ್ಯವಿಲ್ಲ. ಫಲ ಕೊಟ್ಟದ್ದು ಪುಣ್ಯವಂತ ಗಿಡ, ಪುಣ್ಯವಂತನಾದವನು ಸಂತೋಷದಿಂದ ಇರುವವನು. ಹೀಗೆ ಅರ್ಥ ಬೆಳೆಯುತ್ತ ಗಿಡದಿಂದ ಮನುಷ್ಯರಿಗೆ ಬಂತು. ದಂಡನಾಯಕರು ಗೆದ್ದು ಬಂದು ತಮ್ಮ ಹೆಸರಿಗೆ ಫೆಲಿಕ್ಸ್ ಎಂದು ಅಂಟಿಸಿಕೊಂಡರು. ಆಮೇಲೆ ಕ್ರೈಸ್ತ ಸಂತರು ಇಟ್ಟುಕೊಂಡರು, ಅವರಿಂದ ಊರೂರಿಗೆ ಹಬ್ಬಿತು. ಅವಳ ಅಡುಗೆಮನೆಯ ಕ್ಯಾಲೆಂಡರಿನಲ್ಲಿ ದಿನಕ್ಕೊಂದು ಸಂತನ ಹೆಸರಿದೆ. ತನ್ನ ಹೆಸರಿನ ದಿನ ಬಂದರೆ ಹುಟ್ಟುಹಬ್ಬದಂತೆ ಕೇಕ್ ತಿನ್ನುತ್ತಾರೆ. ಕ್ಯಾಂಪಿನ ಫೆಲಿಕ್ಸ್ ಅಂಕಲ್‌ಗೂ ಈ ಹೆಸರು ಗೋವೆಯ ಚರ್ಚಿನ ದಾರಿಯಲ್ಲೇ ಬಂದಿರಬೇಕು.

“ನಾನು ಹುಡುಗಿಯಾಗಿದ್ದಾಗ ಫೆಲಿಕ್ಸ್ ಅಂದರೆ ಮುದುಕರ ಹೆಸರು” ಎಂದು ಹೆಲ್ಗಾ ನಕ್ಕಳು. “ಈಗ ನೋಡು, ಆಟದ ಮೈದಾನದಲ್ಲಿ ಫೆಲಿಕ್ಸ್ ಎಂದು ಕೂಗಿದರೆ ಇಡೀ ಜಾರುಬಂಡೆ ತಿರುಗಿ ನೋಡುತ್ತದೆ. ನನ್ನ ಹೆಸರು ಮಾತ್ರ ಯಾವ ಕೂಸಿಗೂ ಇಡುವುದಿಲ್ಲ.”

ಅವಳ ಮಾತು ನನಗೆ ತಟ್ಟಿತು. ನನ್ನ ಅಂಗಡಿಯಲ್ಲೂ ಹೀಗೆಯೇ ಹೆಸರುಗಳು ಬಂದವು, ಹೋದವು. ಚನ್ನಬಸಪ್ಪ ಎಂದು ಕೊರೆದು ಎಷ್ಟು ಕಾಲವಾಯಿತೆಂದು ನೆನಪಿಗೇ ಬರಲಿಲ್ಲ. ಅದಕ್ಕಾಗಿಯೇ ಈ ಕೂಸಿಗೆ ಅದು ಬೇಕು ಎಂದು ಹಠ ಮತ್ತೂ ಗಟ್ಟಿಯಾಯಿತು. ಆದರೆ ಫೆಲಿಕ್ಸ್ ಎಂಬ ಹೆಸರಿನ ಮೇಲಿನ ಸಿಟ್ಟು ಆ ಗಿಡದ ಕೆಳಗೇ ಇಳಿದುಹೋಯಿತು.

ನದಿಯ ದಂಡೆ

ತೊಟ್ಟಿಲಿಗೆ ಸೇಬಿನ ಕೊಂಬೆ ಆಯಿತು, ಸೀರೆ ಆಯಿತು, ಗುಂಡಕಲ್ಲು ಎಲ್ಲಿಂದ ತರುವುದು? ಹೆಲ್ಗಾಳ ಅಡುಗೆಮನೆಯಲ್ಲಿ ಅರೆಯುವುದೆಲ್ಲ ಮಿಕ್ಸರಿನಲ್ಲಿ. ಹೆಸರಿಡುವ ಮುಂಚಿನ ದಿನ ನಾವಿಬ್ಬರೂ ಬುಟ್ಟಿ ಹಿಡಿದು, ಊರ ನಡುವೆ ಹರಿಯುವ ನದಿಯ ದಂಡೆಗೆ ಇಳಿದೆವು. ನಾನು ಎತ್ತಿದ್ದು ಅವಳಿಗೆ ಒಪ್ಪಿಗೆಯಾಗದು, ಅವಳು ಎತ್ತಿದ್ದು ನನಗೆ. ಒಂದು ಚಪ್ಪಟೆ, ಒಂದಕ್ಕೆ ಮೂಗು ಬಂದಿದೆ. ಪಾದ ಒದ್ದೆ ಮಾಡಿಕೊಂಡು ಇಬ್ಬರು ಮುದಿಹೆಂಗಸರು ಕಲ್ಲಿಗೆ ಕಲ್ಲು ಹೋಲಿಸಿ ವಾದ ಮಾಡುವುದನ್ನು ಸೈಕಲ್ಲಿನವರು ನಿಂತು ನೋಡಿದರು. ಕೊನೆಗೆ ಬೂದುಬಣ್ಣದ, ನುಣುಪಾದ, ಕುಂಬಳಕಾಯಿಯ ಮರಿಯಂಥ ಒಂದು ಕಲ್ಲು ಇಬ್ಬರಿಗೂ ಒಪ್ಪಿತವಾಯಿತು. ಹೆಲ್ಗಾ ಅದನ್ನು ಮನೆಗೆ ತಂದು ಬಿಸಿನೀರಿನಲ್ಲಿ ತೊಳೆದು, ಮೊಮ್ಮಗನ ಟೊಪ್ಪಿಗೆ ಹಾಕಿ, ಅಡ್ಡಹೆಸರಿಟ್ಟು ಮಾತಾಡಿಸತೊಡಗಿದಳು.

ಗುದ್ದುವುದನ್ನು ಮಾತ್ರ ಅವಳಿಗೆ ಕಲಿಸುವುದು ಕಷ್ಟವಾಯಿತು. ಬೆನ್ನು ಕೊಟ್ಟು ಗುದ್ದು ಅಂದರೆ ಧೂಳು ಕೊಡವುವ ಹಾಗೆ ಮುಟ್ಟುತ್ತಾಳೆ. ಅತಿಥಿಯನ್ನು ಹೊಡೆಯುವುದು ಹೇಗೆ ಎಂದು ಅವಳ ಸಂಕಟ. “ಜೋರಾಗಿ ಗುದ್ದಬೇಕು, ಹೆಸರು ಕಿವಿಗೆ ಬಿದ್ದ ಕೂಡಲೇ ಗುದ್ದು ಬೀಳಬೇಕು, ಇಲ್ಲದಿದ್ದರೆ ಶಾಸ್ತ್ರ ಆಗುವುದಿಲ್ಲ” ಎಂದು ಹೇಳಿಕೊಟ್ಟೆ. ಅವಳು ತಲೆಯಾಡಿಸಿ ಅದನ್ನು ಔಷಧದ ಚೀಟಿಯಷ್ಟೇ ಗಂಭೀರವಾಗಿ ಮನಸ್ಸಿಗೆ ತೆಗೆದುಕೊಂಡಳು.

ಸೇಬಿನ ಗಿಡದ ಕೆಳಗೆ

ಬಿಸಿಲು ಚೆನ್ನಾಗಿತ್ತು. ಓಣಿಯ ಹೆಂಗಸರು ಕೇಕು ಹಿಡಿದು ಬಂದರು, ನಾನು ಗೋಧಿಹುಗ್ಗಿ, ಗುಗ್ಗರಿ ಮಾಡಿದ್ದೆ. ಕೊಂಬೆಗೆ ಅವ್ವನ ಇಳಕಲ್ ಸೀರೆಯ ತೊಟ್ಟಿಲು. ಕುರ್ಚಿಯ ಮೇಲೆ ನಿಲ್ಲಿಸಿದ ಫೋನಿನಲ್ಲಿ ಒಂದು ಕಡೆ ಖಾನಾಪುರ, ಇನ್ನೊಂದು ಕಡೆ ಟಿಳಕವಾಡಿ. ಖಾನಾಪುರದಲ್ಲಿ ಅವ್ವ, ಶಾಂತಾ ಕಾಕು, ಓಣಿಯ ನಾಲ್ಕು ಮಂದಿ ಹುಣಸೆ ಗಿಡದ ಕೆಳಗೆ ಚಾಪೆ ಹಾಸಿ ಕುಳಿತಿದ್ದರು. ಟಿಳಕವಾಡಿಯಲ್ಲಿ ನಮ್ಮ ಯಜಮಾನರು, ಪಕ್ಕದಲ್ಲಿ ಗುಂಡಕಲ್ಲು.

ಮೊದಲು ನದಿಯ ಕಲ್ಲು ತೊಟ್ಟಿಲೇರಿತು. ಆ ಕಡೆಯಿಂದ ಈವಾ, ಈ ಕಡೆಯಿಂದ ಹೆಲ್ಗಾ, ಕಲ್ಲನ್ನು ತೊಟ್ಟಿಲ ಮೇಲಿಂದ ಕೆಳಗಿಂದ ದಾಟಿಸಿದರು. ಆಮೇಲೆ ಕೂಸನ್ನು ಮಲಗಿಸಿದೆವು. ಇನ್ನು ನನ್ನ ಸರದಿ. ಬೆಳ್ಳಿ ಬಟ್ಟಲನ್ನು ಫೋನಿನ ಹತ್ತಿರ ಹಿಡಿದೆ. ತಡೆಯಲಾಗಲಿಲ್ಲ.

“ಅವ್ವಾ, ಕಿವ್ಯಾಗ ಹೇಳೂಕಿಂತ ಮೊದಲ ನಿನಗೊಬ್ಬಾಕಿಗೆ ಹೇಳ್ತೀನಿ. ಅಪ್ಪನ ಹೆಸರ ಇಡ್ತೀನಿ. ಎಲ್ಲಾರೂ ಅದs ಹೆಸರ ಹಿಡದು ಕರೀಬೇಕು.”

ಅವ್ವ ಕುಣಿದಾಡುತ್ತಾಳೆ ಎಂದುಕೊಂಡಿದ್ದೆ. ಫೋನು ನಿಂತುಹೋಯಿತೇನೋ ಎಂದು ಅಲುಗಾಡಿಸಿದೆ.

“ಛಲೋ ಆತವಾ” ಅಂದಳು ಮೆಲ್ಲಗೆ. “ಇಡು. ಆದ್ರ ನಾ ಏನಂತ ಕರೀಲಿ?”

ಬಟ್ಟಲನ್ನು ಫೋನಿನ ಮುಂದಿನಿಂದ ಇಳಿಸಿದೆ. ಅಷ್ಟು ವರ್ಷ ಊರ ಹೆಂಗಸರ ಗಂಡಂದಿರ ಹೆಸರು ಕೊರೆದವಳಿಗೆ, ವಿಯೆನ್ನಾದಲ್ಲಿ ನಾಲಿಗೆ ಸಿಕ್ಕಿಕೊಂಡವಳಿಗೆ, ಅವ್ವ ಆ ಹೆಸರನ್ನು ಬಾಯಿಬಿಟ್ಟು ಹೇಳಲಾರಳು ಎಂಬುದು ಹೊಳೆದಿರಲೇ ಇಲ್ಲ. ಹೇಳಲಾಗದ ಹೆಸರನ್ನು ಮೊಮ್ಮಗನಿಗಿಟ್ಟು, ಕರೆ ಎಂದು ಹೊರಟಿದ್ದೆ.

“ಎಲ್ಲಾರೂ ಕೂಗಿ ಕರೀತೀರಿ, ನಾ ಒಬ್ಬಾಕಿ ‘ಏ, ಇವನ’ ಅಂತೀನೇನ?” ಅವ್ವ ಅಂದಳು. “ಹಠಾ ಮಾಡಿದ್ರ ಬೈಬೇಕಂದ್ರ ಹೆಂಗ ಬೈಲಿ? ಅವರಿಗೆ ಎಂದೂ ಬೈದಾಕಿ ಅಲ್ಲ ನಾ.”

ಶಾಂತಾ ಕಾಕು ಹೊಟ್ಟೆ ಹಿಡಿದು ನಕ್ಕಳು. ಮಾಂತೂ ಜರ್ಮನ್ ಭಾಷೆಯಲ್ಲಿ ಹೇಳಿದ ಮೇಲೆ ಇಲ್ಲಿಯ ಹೆಂಗಸರೂ ನಕ್ಕರು. ನಾನೂ ನಗುತ್ತ ಕೇಳಿದೆ, “ಹಂಗಾರ ಫೆಲಿಕ್ಸ್ ಅಂತೀಯೇನವ್ವಾ? ಹಣ್ಣ ಹಿಡದ ಗಿಡಕ್ಕ ಹಂಗ ಅಂತಾರಂತ. ಸಂತೋಷದಾಗ ಇರಾಂವ ಅಂತ ಅರ್ಥ.”

“ಫೆಲಿಕ್ಸಾ” ಎಂದು ಅವ್ವ ಬಾಯಲ್ಲಿ ತಿರುಗಿಸಿ ನೋಡಿದಳು. “ಫೆಲಿಕ್ಸಾ. ಕೂಗಾಕ ಛಲೋ ಐತಿ. ಅವರ ಹೆಸರ ಬಟ್ಟಲದಾಗ ಇರಲಿ, ಕೂಸಿನ ಕಿವ್ಯಾಗ ಇರಲಿ. ಬಾಯಾಗ ಇದಿರಲಿ.”

ತೊಟ್ಟಿಲ ಮೇಲೆ ಬಗ್ಗಿದೆ. ‘ಕುರ್ರ್’ ಅಂದು ಬಲಗಿವಿಯಲ್ಲಿ ಅಪ್ಪನ ಹೆಸರು ಉಸುರಿದೆ, ಎಡಗಿವಿಯಲ್ಲಿ ಫೆಲಿಕ್ಸ್ ಅಂದೆ. ಬೆನ್ನಿನ ಮೇಲೆ ಗುದ್ದಿನ ಮಳೆ. ಹೆಲ್ಗಾ ಪಾಠವನ್ನು ಚೆನ್ನಾಗಿ ಕಲಿತಿದ್ದಳು. ಎದ್ದು ನಿಂತು ಕೂಗಿದೆ, “ಕೂಸಿನ ಹೆಸರು ಫೆಲಿಕ್ಸ್!” ಕೂಸಿನ ಹೆಸರೆಂದು ಅದನ್ನು ನಾನು ಕೂಗಿದ್ದು ಅದೇ ಮೊದಲು, ಎಷ್ಟು ಸಲೀಸಾಗಿ ಬಂತೆಂದರೆ ನನಗೇ ಆಶ್ಚರ್ಯವಾಯಿತು.

ಇನ್ನು ಒಡಪಿನ ಹೊತ್ತು. ಈವಾ ಕಲಿತದ್ದನ್ನು ತಡವರಿಸುತ್ತ ಹೇಳಿದಳು: “ಸೇಬಿನ ಗಿಡಕ್ಕ ಕಟ್ಟೇವಿ ಸೀರಿಯ ತೊಟ್ಟಿಲ, ಮಹಾಂತೇಶನ ಕೈಯಾಗ ಕೊಟ್ಟೇನಿ ಬೆಳ್ಳಿಯ ಬಟ್ಟಲ.” ದಿನಕ್ಕೆ ನೂರು ಸಲ ಗಂಡನ ಹೆಸರು ಕರೆಯುವವಳು ಅದನ್ನು ಒಡಪಿನಲ್ಲಿ ಹೇಳುವಾಗ ಕೆಂಪಾದಳು. ನನ್ನನ್ನೂ ಬಿಡಲಿಲ್ಲ. “ತಾಮ್ರದ ಕೊಡದಾಗ ತಣ್ಣನ್ನ ನೀರು, ಶಂಕರಪ್ಪನವರಿಲ್ಲದ ಬ್ಯಾಸರ ಈ ಊರು” ಅಂದೆ. ಟಿಳಕವಾಡಿಯಲ್ಲಿ ನಮ್ಮ ಯಜಮಾನರು ನಾಚಿ ಗುಂಡಕಲ್ಲನ್ನು ಸರಿಪಡಿಸಿದರು.

ಅಲ್ಲಿಗೆ ಮುಗಿಯಿತು ಎಂದು ಫೋನು ತೆಗೆದುಕೊಳ್ಳಲು ಹೋದೆ. ಗಂಡ ಹೋದವರನ್ನು ನಮ್ಮಲ್ಲಿ ಯಾರೂ ಒಡಪು ಕೇಳುವುದಿಲ್ಲ. ಅವ್ವ ಸೆರಗು ತಲೆಯ ಮೇಲೆ ಎಳೆದುಕೊಂಡು, “ತಡೀವಾ, ನಂದೊಂದು ಐತಿ” ಅಂದಳು. ಖಾನಾಪುರದ ಹೆಂಗಸರೆಲ್ಲ ಅವಳ ಕಡೆ ತಿರುಗಿದರು. ಅವ್ವ ರಾಗ ತೆಗೆದಳು:

“ಮಲಪ್ರಭಾ ದಂಡ್ಯಾಗ ಹುಣಸೀಗಿಡದ ನೆರಳು,
ಚನ್ನಬಸಪ್ಪನವರ ಮೊಮ್ಮಗ ಫೆಲಿಕ್ಸ ಬಂದು ಹಿಡೀಲಿ ನನ್ನ ಬೆರಳು.”

ಅಪ್ಪ ಹೋದ ಮೇಲೆ ಆ ಹೆಸರು ಅವಳ ಬಾಯಿಂದ ಬಂದದ್ದು ಅದೇ ಮೊದಲು. ಶಾಂತಾ ಕಾಕು ಅವಳನ್ನು ತಬ್ಬಿಕೊಂಡಳು. ಮಾಂತೂ ಮುಖ ತಿರುಗಿಸಿ ಸೇಬಿನ ಗಿಡದ ಬೊಡ್ಡೆ ಹಿಡಿದು ನಿಂತ. ನನಗೆ ಕಣ್ಣೆದುರು ಏನೂ ಕಾಣದಾಯಿತು.

ಹೆಲ್ಗಾಳಿಗೆ ಅವ್ವನ ಒಡಪಿನ ಒಂದು ಮಾತೂ ತಿಳಿದಿರಲಿಲ್ಲ. ಕೂಸಿನ ಹೆಸರು ಮಾತ್ರ ಕೇಳಿಸಿತ್ತು. ಹೆಸರು ಬಿದ್ದ ಕೂಡಲೇ ಗುದ್ದು ಬೀಳಬೇಕೆಂದು ನಾನೇ ಕಲಿಸಿದ್ದೆನಲ್ಲ, ನನ್ನ ಬೆನ್ನಿಗೆ ಎರಡೂ ಕೈಯಿಂದ ಧಬ್ಬೆಂದು ಗುದ್ದಿದಳು. ಇನ್ನೊಂದು ಹಾಕು ಎಂದೆ.